ಗುಳೆ ಹೋದವರ ಶುಗರ್ ಗುಳಿಗೆ

ದೀಪಾವಳಿ ಕಳೆದರೆ ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬೆಂಗಳೂರಿಗೆ, ಗೋವಾಕ್ಕೆ, ಪುಣೆಗೆ ಬಸ್ಸುಗಳು ತುಂಬಿ ಹೊರಡುತ್ತವೆ. ಗಂಟಿನಲ್ಲಿ ಜೋಳದ ಹಿಟ್ಟು, ಖಾರದಪುಡಿ, ನಾಲ್ಕು ಪಾತ್ರೆ. ನಲವತ್ತು ದಾಟಿದವರ ಗಂಟಿನಲ್ಲಿ ಒಂದು ಪ್ಲಾಸ್ಟಿಕ್ ಕವರೂ ಇರುತ್ತದೆ. ಅದರೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿ, ಮಡಿಚಿದಲ್ಲೇ ಹರಿದದ್ದು. ಶುಗರ್‌ಗೆ ಮೆಟ್‌ಫಾರ್ಮಿನ್, ಬಿಪಿಗೆ ಆಮ್ಲೊಡಿಪಿನ್‌ನ ಕೆಲವು ಸ್ಟ್ರಿಪ್‌ಗಳು. ಹೆಚ್ಚೆಂದರೆ ತಿಂಗಳಿಗಾದೀತು. ಊರಿಗೆ ಮರಳುವುದು ಯುಗಾದಿಗೆ.

ಅಲ್ಲಿಯತನಕ ಏನು ಮಾಡಬೇಕು? ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎನ್ನುವುದು ಸಿದ್ಧ ಉತ್ತರ. ಇದೆ, ನಿಜ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ, ಹಳೆಯ ಕಾಯಿಲೆಯೆಂದು ತಳ್ಳಿಹಾಕುವುದಿಲ್ಲ, ರಾಜ್ಯದ ಗಡಿ ದಾಟಿದರೂ ನಡೆಯುತ್ತದೆ. ಆದರೆ ಅದು ಆಸ್ಪತ್ರೆಯ ಹಾಸಿಗೆಗೆ ಕೊಟ್ಟ ಕಾರ್ಡು. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ಖರ್ಚು ಲೆಕ್ಕಕ್ಕೆ ಸೇರುತ್ತದೆ. 16ನೇ ದಿನದಿಂದ ರೋಗಿ ತನ್ನ ಪಾಡು ತಾನು ನೋಡಿಕೊಳ್ಳಬೇಕು. ಶುಗರ್, ಬಿಪಿ ಇರುವವರಿಗೆ ಬೇಕಾದದ್ದು ದಿನಕ್ಕೆ ಕೆಲವೇ ರೂಪಾಯಿಯ ಮಾತ್ರೆ, ಅದೂ ಬದುಕಿರುವಷ್ಟು ಕಾಲ. ಅದಕ್ಕೆ ಈ ಕಾರ್ಡು ಬಾರದು. ಮಾತ್ರೆ ತಪ್ಪಿ, ಕಾಲಿನ ಹುಣ್ಣು ಕೊಳೆತು, ಕಿಡ್ನಿ ಕೈಕೊಟ್ಟ ಮೇಲೆ ಬರುತ್ತದೆ. ಜನರ ಸಂಕಟ ಹಾಗಿರಲಿ, ಖಜಾನೆಯ ದೃಷ್ಟಿಯಿಂದಲೂ ಇದೆಂಥ ಜಾಣತನ?

ಬೆಂಗಳೂರಿನಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ಔಷಧಿ ಉಚಿತ. ಆದರೆ ಸುರಪುರದಿಂದ ಬಂದ ಗಾರೆ ಕೆಲಸದ ಹೆಣ್ಣುಮಗಳು ಅಲ್ಲಿ ಹೊಸ ರೋಗಿ. ಮತ್ತೆ ಹೆಸರು ಬರೆಸಬೇಕು, ಮತ್ತೆ ರಕ್ತ ಕೊಡಬೇಕು, ಆ ದಿನದ ಕೂಲಿ ಬಿಡಬೇಕು. ಮೇಸ್ತ್ರಿ ಒಮ್ಮೆ ಬಿಟ್ಟಾನು, ತಿಂಗಳು ತಿಂಗಳು ಬಿಡಲಾರ. ಆಕೆ ಶೆಡ್ಡಿನ ಎದುರಿನ ಮೆಡಿಕಲ್ ಶಾಪ್‌ನಿಂದ ನಾಲ್ಕು ಮಾತ್ರೆ ಬಿಡಿಯಾಗಿ ಕತ್ತರಿಸಿಕೊಂಡು, ತಲೆ ಸುತ್ತಿದ ದಿನ ಮಾತ್ರ ನುಂಗುತ್ತಾಳೆ. ಗಡಿಯಾಚೆ ಹೋದವರ ಕಷ್ಟ ಬೇರೆ. ಗೋವಾದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಸೇರಲು ಅಲ್ಲಿ 5 ವರ್ಷ ವಾಸವಿರಬೇಕು. ಬಾಂಬೋಲಿಮ್‌ನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹೊರರಾಜ್ಯದವರಿಂದ ಶುಲ್ಕ ಪಡೆಯತೊಡಗಿದ್ದು 2018ರಲ್ಲಿ. ನಮ್ಮ ತೆರಿಗೆ ಹಣ ನಮ್ಮವರಿಗೆ ಎಂಬ ಗೋವಾದವರ ವಾದ ಅರ್ಥವಾಗದ್ದೇನಲ್ಲ. ಆದರೆ ವಾಸ್ಕೋದಲ್ಲಿ ದುಡಿಯುವ ಉತ್ತರ ಕರ್ನಾಟಕದ ಕೂಲಿಕಾರರೂ ಸೋಪಿನಿಂದ ಚಪ್ಪಲಿತನಕ ಕೊಂಡದ್ದಕ್ಕೆಲ್ಲ ಅಲ್ಲೇ ತೆರಿಗೆ ಕಟ್ಟುತ್ತಾರೆ.

ಊರು ಬಿಟ್ಟವರನ್ನು ಹಿಂಬಾಲಿಸುವ ವಿದ್ಯೆ ನಮ್ಮ ಆರೋಗ್ಯ ಇಲಾಖೆಗೆ ಗೊತ್ತಿಲ್ಲವೆಂದಲ್ಲ. ಕ್ಷಯರೋಗಿಯೊಬ್ಬ ಊರು ಬದಲಿಸಿದರೆ 'ನಿಕ್ಷಯ್' ಜಾಲತಾಣದಲ್ಲಿ ಆತನ ದಾಖಲೆ ಹೊಸ ಊರಿನ ಘಟಕಕ್ಕೆ ವರ್ಗವಾಗುತ್ತದೆ. ಎಚ್‌ಐವಿ ಇದ್ದವರು ಒಂದು ಎಆರ್‌ಟಿ ಕೇಂದ್ರದಿಂದ 'ಟ್ರಾನ್ಸ್‌ಫರ್ ಔಟ್' ಬರೆಸಿಕೊಂಡು ಇನ್ನೊಂದರಲ್ಲಿ ಮಾತ್ರೆ ಮುಂದುವರಿಸುತ್ತಾರೆ. ಕಾರ್ಯಕರ್ತರು ಫೋನ್ ಮಾಡಿ ವಿಚಾರಿಸುವುದೂ ಉಂಟು. ಎರಡೂ ಅಂಟುವ ರೋಗಗಳು. ಮಾತ್ರೆ ನಿಂತರೆ ಅಪಾಯ ಇತರರಿಗೂ ಇದೆ. ಶುಗರ್ ಅಂಟುವುದಿಲ್ಲ, ಕೆಡುವುದು ರೋಗಿಯ ಕಾಲು, ರೋಗಿಯ ಕಣ್ಣು. ಹಾಗಾಗಿಯೇ ಆ ಅವಸರ ಇಲ್ಲಿ ಕಾಣುವುದಿಲ್ಲ ಎಂದರೆ ಕಟುವಾಯಿತೇನೋ, ಆದರೆ ಬೇರೆ ಕಾರಣ ಹೊಳೆಯುತ್ತಿಲ್ಲ. ಪಡಿತರಕ್ಕೂ ಈಗ ಇಡೀ ದೇಶಕ್ಕೆ ಒಂದೇ ಚೀಟಿ ಸಾಕು. ಆಧಾರ್ ತೋರಿಸಿ ಅಕ್ಕಿ ತರಬಹುದಾದ ಊರಿನಲ್ಲಿ ಬಿಪಿ ಮಾತ್ರೆಯನ್ನೇಕೆ ತರಲಾಗದು?

ಆರೋಗ್ಯ ದಾಖಲೆಗೆಂದು ಕೊಡುವ 14 ಅಂಕಿಯ 'ಆಭಾ' ಸಂಖ್ಯೆ ಆ ಕೆಲಸ ಮಾಡಬೇಕಿತ್ತು. ಸಂಖ್ಯೆಯ ಹಿಂದೆ ರೋಗಿಯ ಚೀಟಿ, ಚೀಟಿಯ ಹಿಂದೆ ಔಷಧಿಯ ದಾಸ್ತಾನು ಬರುವ ತನಕ ಅದು ಇನ್ನೊಂದು ನಂಬರು, ಅಷ್ಟೆ. ಅದು ಸರಿಹೋಗಲು ಕಾಲ ಬೇಕು, ಒಪ್ಪೋಣ. ಅಷ್ಟರಲ್ಲಿ ಗುಳೆ ಹೊರಡುವವರ ಕೈಗೆ ಮೂರು ತಿಂಗಳ ಮಾತ್ರೆ ಕೊಡಲು ಯಾವ ತಂತ್ರಜ್ಞಾನವೂ ಬೇಡ. 2020ರ ಲಾಕ್‌ಡೌನ್ ಕಾಲದಲ್ಲಿ ದೀರ್ಘಕಾಲೀನ ಕಾಯಿಲೆಯವರಿಗೆ ಅಷ್ಟು ದಿನಗಳವರೆಗಿನ ಔಷಧಿ ಕೊಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯವೇ ಮಾರ್ಗಸೂಚಿ ಹೊರಡಿಸಿತ್ತು. ಗುಳೆ ಹೋಗುವ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಿಗೆ ಅದೇ ಬಗೆಯ ಸುತ್ತೋಲೆಯನ್ನು, ಜೊತೆಗೆ ಬೇಕಾದಷ್ಟು ಮಾತ್ರೆಯನ್ನು, ರಾಜ್ಯ ಸರ್ಕಾರ ಈ ದೀಪಾವಳಿಗೆ ಮೊದಲೇ ಕಳಿಸಬಹುದು.