ಚಿಂತೆಗೂ ಚಿತೆಗೂ ನಡುವೆ

ರೋಗಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲವೆಂಬ ಮಾತನ್ನು ನೀವು ಕೇಳಿರಬಹುದು. ನನ್ನ ಮಟ್ಟಿಗೆ ಅದು ಅರ್ಧಸತ್ಯ. ಅಮೆರಿಕದ ಸಂಯುಕ್ತ ಸಂಸ್ಥಾನಗಳನ್ನೇ ನೋಡೋಣ. ಅಲ್ಲಿ ಸ್ತನ ಕ್ಯಾನ್ಸರ್ ಬಿಳಿಯ ಸ್ತ್ರೀಯರಿಗಿಂತ ಆಫ್ರಿಕನ್ ಮೂಲದ ಕಪ್ಪು ಸ್ತ್ರೀಯರಲ್ಲಿ ತುಸು ಕಡಿಮೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಆದರೆ ಅದರಿಂದ ಸಾಯುವವರ ಪ್ರಮಾಣ ಮಾತ್ರ ಕಪ್ಪು ಸ್ತ್ರೀಯರಲ್ಲಿ ಸುಮಾರು ಶೇಕಡಾ 40ರಷ್ಟು ಹೆಚ್ಚು.

ಔಷಧಕ್ಕೆ ಸುಲಭವಾಗಿ ಮಣಿಯದ ಒಂದು ಬಗೆಯ ಗಡ್ಡೆ ಅವರಲ್ಲಿ ಹೆಚ್ಚೆಂಬುದು ನಿಜ. ಅಷ್ಟರಿಂದಲೇ ಲೆಕ್ಕ ತೀರದು. ವಿಮೆಯಿಲ್ಲದವರು ವೈದ್ಯರ ಬಳಿಗೆ ತಡವಾಗಿ ಹೋಗುತ್ತಾರೆ. ಸಂಬಳ ತಪ್ಪೀತೆಂಬ ಭಯದಿಂದ ಚಿಕಿತ್ಸೆಯನ್ನು ನಡುವೆಯೇ ಬಿಡುವವರೂ ಉಂಟು.

ಇನ್ನೊಂದು ಕಾರಣ ಕಣ್ಣಿಗೆ ಕಾಣದು. ಗಾಳಿ ಮಳೆಗಳಿಗೆ ಮೈಯೊಡ್ಡಿದ ಬಂಡೆ ಸವೆಯುವಂತೆ, ಅವಮಾನ ಅಭದ್ರತೆಗಳಲ್ಲಿ ಬಾಳಿದ ದೇಹವೂ ವಯಸ್ಸಿಗೆ ಮುನ್ನವೇ ಸವೆಯುತ್ತದೆಂಬ ವಾದವನ್ನು 1992ರಲ್ಲಿ ಅರ್ಲೀನ್ ಜೆರೋನಿಮಸ್ ಎಂಬ ವಿದುಷಿ ಮುಂದಿಟ್ಟರು. ಅಪಾಯ ಎದುರಾದಾಗ ದೇಹವನ್ನು ಸಜ್ಜುಗೊಳಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಕ್ಷಣಕಾಲದ ಮಿತ್ರ. ಮನೆ ಬಾಡಿಗೆಯ ಚಿಂತೆ, ಕೆಲಸದ ಚಿಂತೆ ವರ್ಷಗಟ್ಟಲೆ ತೀರದಿದ್ದರೆ ಅದೇ ಹಾರ್ಮೋನು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಬಲ್ಲುದು. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ನಮ್ಮ ಹಿರಿಯರು ಬರಿಯ ವಿನೋದಕ್ಕೆ ಹೇಳಲಿಲ್ಲ. ಆದರೂ ಚಿಂತೆಯೊಂದೇ ಕ್ಯಾನ್ಸರನ್ನು ಹುಟ್ಟಿಸುತ್ತದೆಂದು ವಿಜ್ಞಾನ ಸ್ಥಾಪಿಸಿಲ್ಲ. ಹಾಗೆಂದು ರೋಗಿಯನ್ನೇ ದೂರುವುದು ಕ್ರೌರ್ಯ.

ಚಿಂತಿಸಬೇಡವೆಂದು ಬಡವಳಿಗೆ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಬೇಸರ. ಚಿಕಿತ್ಸೆಯ ದಿನಗಳ ಸಂಬಳವನ್ನು ಅವಳಿಗೆ ಕೊಟ್ಟು, ಆಸ್ಪತ್ರೆಯನ್ನು ಅವಳ ಕೇರಿಯ ಹತ್ತಿರಕ್ಕೆ ತಂದ ಮೇಲೆ, ಆ ಶೇಕಡಾ 40ರಲ್ಲಿ ಎಷ್ಟು ಉಳಿದೀತೆಂದು ನೋಡಬೇಕು.