ಮಾಸ್ತರರಿಗೂ ಒಂದು ಪಾಠ
ಮನಸ್ಸು ಕೆಟ್ಟರೆ ಕಲಬುರಗಿ ಕಡೆಯ ಎಷ್ಟೋ ಮಂದಿ ಮೊದಲು ನೆನೆಯುವುದು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನನ್ನು. ನೆನೆಯಲಿ, ನನ್ನದೇನೂ ತಕರಾರಿಲ್ಲ. ಆದರೆ ಅವ್ವ-ಅಪ್ಪ ಪುಣೆಗೋ ಮುಂಬೈಗೋ ಗುಳೆ ಹೋಗಿ, ಆಳಂದದ ಹಳ್ಳಿಯಲ್ಲೋ ಜೇವರ್ಗಿಯಲ್ಲೋ ಅಜ್ಜಿಯ ಬಳಿ ಉಳಿದ ಹುಡುಗಿ ಮಾತು ಬಿಟ್ಟದ್ದು ಮೊದಲು ಕಾಣುವುದು ಶಾಲೆಯ ಮಾಸ್ತರರಿಗೆ. 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರಂತೆ ಶಿಕ್ಷಕರಿಗೆ ತರಬೇತಿಯೇನೋ ಉಂಟು; ಅದಷ್ಟೇ ಸಾಲದು. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೇ ಮನೋರೋಗ ಚಿಕಿತ್ಸೆಗೆ ಪಳಗಿಸಿ ದೇಶಕ್ಕೆ ಮಾದರಿಯಾಯಿತು. ಶಾಲೆಗೂ ಅಂಥದೇ ಪಳಗಿಸುವಿಕೆ ಬೇಕು: ಮಗು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳದಿರುವುದು (ಇದೇ ಕಷ್ಟದ ಪಾಠ!), ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವಾಗ ಕರೆ ಮಾಡಬೇಕು, ಕಲಬುರಗಿಯ ಮನೋವೈದ್ಯರ ಹತ್ತಿರ ಯಾವಾಗ ಕಳಿಸಬೇಕು ಎಂಬುದನ್ನು ಅರಿಯುವುದು.