ತಾಯಂದಿರ ಸಭೆ ಭಾಷಣವಾಗದಿರಲಿ

ಆರು ತಿಂಗಳು ತುಂಬಿದ ಮಗು ಬಾಯಿಗಿಟ್ಟ ರಾಗಿ ಸರಿಯನ್ನು ಉಗುಳುತ್ತದೆ. ಅತ್ತೆ ಹೇಳುವುದು ಒಂದು, ಮೊಬೈಲ್ ತೋರಿಸುವುದು ಇನ್ನೊಂದು. ಚೊಚ್ಚಲ ತಾಯಿಗೆ ಆ ಹೊತ್ತಿನಲ್ಲಿ ಬೇಕಾದವಳು, ಮೊನ್ನೆಮೊನ್ನೆ ಅದೇ ಪಾಡುಪಟ್ಟ ಪಕ್ಕದ ಬೀದಿಯ ತಾಯಿ.

ಅಂಥವರು ಒಟ್ಟಿಗೆ ಕೂತರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ ಏಕಜುಟ್ ಸಂಸ್ಥೆ ಹಳ್ಳಿಯ ಮಹಿಳೆಯರ ಗುಂಪುಗಳನ್ನು ಕಟ್ಟಿತು. ಸಭೆ ನಡೆಸಿದವರು ವೈದ್ಯರಲ್ಲ, ಸ್ಥಳೀಯ ಹೆಣ್ಣುಮಕ್ಕಳು. ಚಿತ್ರಗಳನ್ನು ತೋರಿಸಿ, ಕಥೆ ಹೇಳಿ ಮಾತು ಶುರುಮಾಡುತ್ತಿದ್ದರು. ಬಾಣಂತನದಲ್ಲಿ ಎದುರಾಗುವ ತೊಂದರೆಗಳಲ್ಲಿ ಯಾವುದು ದೊಡ್ಡದು, ಅದಕ್ಕೆ ತಾವೇ ಏನು ಮಾಡಬಹುದು ಎಂದು ಗುಂಪೇ ತೀರ್ಮಾನಿಸುತ್ತಿತ್ತು. ಮೂರು ವರ್ಷಗಳಲ್ಲಿ, ಗುಂಪುಗಳಿಲ್ಲದ ಪ್ರದೇಶಗಳಿಗಿಂತ ಅಲ್ಲಿ ನವಜಾತ ಶಿಶುಗಳ ಸಾವು ಶೇ 32ರಷ್ಟು ಕಡಿಮೆಯಿತ್ತು. 2010ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಕ್ರಮವನ್ನು ಶಿಫಾರಸು ಮಾಡಿತು.

ಇದರ ಗುಟ್ಟು ಸರಳ. ಕೇಳಿಸಿಕೊಂಡ ಉಪದೇಶ ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗುತ್ತದೆ. ಹತ್ತು ಜನರ ಮುಂದೆ ತಾನೇ ಆಡಿದ ಮಾತು ಉಳಿಯುತ್ತದೆ. ಮಗುವಿಗೆ ಜ್ವರ ಬಂದ ರಾತ್ರಿ ಯಾರ ಬಾಗಿಲು ತಟ್ಟಬೇಕೆಂಬುದೂ ತಿಳಿದಿರುತ್ತದೆ.

ಇಂಥ ಗುಂಪು ಕಟ್ಟಲು ನಮಗೆ ಹೊಸ ಕಟ್ಟಡ ಬೇಕಿಲ್ಲ, ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗಲೇ ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಕೊಡುವುದು ಅದರ ಆರು ಸೇವೆಗಳಲ್ಲಿ ಒಂದಾಗಿತ್ತು. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆ ಗರ್ಭಿಣಿಯರನ್ನೂ ಬಾಣಂತಿಯರನ್ನೂ ಮಧ್ಯಾಹ್ನದ ಬಿಸಿಯೂಟಕ್ಕೆ ಅಂಗನವಾಡಿಗೇ ಕರೆಯಿತು. ಒಂದೇ ಪಂಕ್ತಿಯಲ್ಲಿ ಕೂತು ಉಂಡವರ ನಡುವೆ ಸಂಕೋಚ ಬೇಗ ಕರಗುತ್ತದೆ.

ಆದರೆ ಎಷ್ಟೋ ಕಡೆ ತಾಯಂದಿರ ಸಭೆಯೆಂದರೆ ಒಬ್ಬರು ನಿಂತು ಹೇಳುವುದು, ಉಳಿದವರು ತಲೆಯಾಡಿಸಿ ಸಹಿ ಹಾಕುವುದು. ದಾಖಲೆಗಳ ಹೊರೆ ಹೊತ್ತ ಅಂಗನವಾಡಿ ಕಾರ್ಯಕರ್ತೆಯನ್ನು ಇದಕ್ಕೆ ದೂರುವಂತಿಲ್ಲ. ಮಾತಿಗೆ ಎಳೆಯುವ ಕಲೆಯಲ್ಲಿ ಆಕೆಗೆ ತರಬೇತಿ ಬೇಕು, ಬಿಡುವೂ ಬೇಕು. ತಂದೆಯರೂ ಬರಬೇಕು, ಕೂಲಿ ತಪ್ಪದಂತೆ ಸಭೆ ಸಂಜೆಗೆ ಸರಿಯಲಿ.

ಮುಂದಿನ ಸಭೆಗೆ ನೀವು ಹೋದರೆ ವೃತ್ತಾಕಾರವಾಗಿ ಕೂರಿ. "ಈ ತಿಂಗಳು ನಿಮಗೆ ಕಷ್ಟವಾದದ್ದೇನು?" ಎಂದು ಪಕ್ಕದವರನ್ನು ಕೇಳಿ, ಉತ್ತರ ಮುಗಿಯುವವರೆಗೂ ಕಿವಿಗೊಡಿ.